ಪ್ರತಿಧ್ವನಿಯನ್ನು ಓದಲು ಕಲಿತದ್ದು

1955ರ ಜುಲೈ. ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರದ ಪ್ರೊಫೆಸರ್ ಇಯಾನ್ ಡೊನಾಲ್ಡ್ ಹತ್ತಿರದ ರೆನ್‌ಫ್ರೂನಲ್ಲಿದ್ದ ಬಾಯ್ಲರ್ ಕಾರ್ಖಾನೆಗೆ ಹೋದರು. ಕಾರಿನ ಡಿಕ್ಕಿಯಲ್ಲಿದ್ದದ್ದು ಆಪರೇಷನ್ ಮಾಡಿ ತೆಗೆದ ಗಡ್ಡೆಗಳು: ಗರ್ಭಕೋಶದ ಫೈಬ್ರಾಯ್ಡ್‌ಗಳು, ಅಂಡಾಶಯದ ಸಿಸ್ಟ್‌ಗಳು. ಹೋಲಿಕೆಗೆಂದು ಕಾರ್ಖಾನೆಯವರು ದನದ ಮಾಂಸದ ತುಂಡೊಂದನ್ನೂ ತಂದಿಟ್ಟಿದ್ದರು. ಲೋಹದೊಳಗಿನ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರವನ್ನು ಇವಕ್ಕೆಲ್ಲ ತಾಗಿಸಿ ನೋಡಿದ್ದಾಯಿತು.

ತೆರೆಯ ಮೇಲೆ ಚಿತ್ರ ಅನ್ನುವಂಥದ್ದು ಮೂಡಲಿಲ್ಲ. ಒಂದು ಗೆರೆ, ಅದರ ಮೇಲೆ ಅಲ್ಲಲ್ಲಿ ಮುಳ್ಳಿನಂತೆ ಎದ್ದ ಪ್ರತಿಧ್ವನಿಗಳು, ಅಷ್ಟೇ. ಸಿಸ್ಟ್ ಆದರೆ ಈಚೆ ಗೋಡೆಗೊಂದು ಮುಳ್ಳು, ಆಚೆ ಗೋಡೆಗೊಂದು, ನಡುವೆ ಖಾಲಿ. ದ್ರವದೊಳಗೆ ಶಬ್ದವನ್ನು ತಿರುಗಿಸಿ ಕಳಿಸುವಂಥದ್ದು ಏನೂ ಇಲ್ಲ. ಫೈಬ್ರಾಯ್ಡ್ ಗಟ್ಟಿ, ಒಳಹೋದಂತೆ ಶಬ್ದ ಸೊರಗುತ್ತದೆ. ಏನು ಕಾಣುತ್ತದೆ ಎಂಬುದರಷ್ಟೇ ಎಲ್ಲಿ ಏನೂ ಕಾಣುವುದಿಲ್ಲ ಎಂಬುದನ್ನೂ ಓದಬೇಕು ಎನ್ನುವುದು ಅಂದೇ ಗೊತ್ತಾಯಿತು.

ಆಮೇಲೆ ಕೆಲ್ವಿನ್ ಹ್ಯೂಸ್ ಕಂಪನಿಯ ಎಳೆಯ ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮ್ಯಾಕ್‌ವಿಕಾರ್ ಜೊತೆಗೂಡಿದರು. ಸಹೋದ್ಯೋಗಿಗಳಿಗೆ ಇದೆಲ್ಲ ಹುಚ್ಚಾಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅಂಥ ಹೊತ್ತಿನಲ್ಲೇ ಹೊಟ್ಟೆ ವಿಪರೀತ ಉಬ್ಬಿದ ಹೆಂಗಸೊಬ್ಬಳನ್ನು ಅವರಿಗೆ ತೋರಿಸಲಾಯಿತು. ಜಠರದ ಕ್ಯಾನ್ಸರ್, ಆಪರೇಷನ್ನಿಗೂ ಮೀರಿದೆ, ಹೊಟ್ಟೆಯಲ್ಲಿರುವುದು ಜಲೋದರದ ನೀರು ಎಂದು ತೀರ್ಮಾನವಾಗಿತ್ತು. ಜಲೋದರವಾದರೆ ಕರುಳು ನೀರಲ್ಲಿ ತೇಲಿ ಮುಂದಕ್ಕೆ ಬರುತ್ತದೆ. ಅದರ ಪ್ರತಿಧ್ವನಿ ಸಿಗಲೇಬೇಕು. ಇಲ್ಲಿ ಸಿಕ್ಕಿದ್ದು ಒಂದೇ ದೊಡ್ಡ ಸಿಸ್ಟಿನ ಗುರುತು. ಹೊಟ್ಟೆ ತೆರೆದರು, ಅಂಡಾಶಯದ ಭಾರೀ ಸಿಸ್ಟನ್ನು ತೆಗೆದರು, ಆಕೆ ಬದುಕಿದಳು. ಯಂತ್ರಕ್ಕಿಂತ ಹೆಚ್ಚಾಗಿ ಆ ಓದು ಆಕೆಯನ್ನು ಉಳಿಸಿತು ಎನ್ನಬೇಕು.

1958ರ ಜೂನ್ 7ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೂವರ ಲೇಖನ ಬಂತು. ಆ ಕಾಲದ ಚಿತ್ರಗಳನ್ನು ಈಗ ನೋಡಿದರೆ ಕತ್ತಲಲ್ಲಿ ಸುಣ್ಣದ ಚುಕ್ಕೆ ಎರಚಿದಂತಿವೆ. ಓದಿದ್ದು ಸರಿಯೋ ತಪ್ಪೋ ಎಂದು ಹೇಳುವ ಪುಸ್ತಕ ಆಗ ಎಲ್ಲಿತ್ತು? ಶಸ್ತ್ರಚಿಕಿತ್ಸಕರ ಕತ್ತಿಯೇ ಉತ್ತರ ಹೇಳಬೇಕಿತ್ತು.

1960ರ ದಶಕದಲ್ಲಿ ಡೊನಾಲ್ಡ್ ಇನ್ನೊಂದನ್ನು ಕಂಡುಕೊಂಡರು. ತುಂಬಿದ ಮೂತ್ರಕೋಶ ಗಾಳಿ ತುಂಬಿದ ಕರುಳನ್ನು ಪಕ್ಕಕ್ಕೆ ತಳ್ಳಿ ಗರ್ಭಕೋಶಕ್ಕೆ ಕಿಟಕಿಯಾಗುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿಗೆ ಹೋದವರಿಗೆ ಇಂದಿಗೂ ನೀರು ಕುಡಿದು ತಡೆದುಕೊಳ್ಳಿ ಎನ್ನುವುದು ಇದಕ್ಕೇ.

1970ರ ದಶಕದಲ್ಲಿ ಬೂದು ಛಾಯೆಗಳು ಬಂದವು, ಚಿತ್ರ ಚಿತ್ರದಂತಾಯಿತು. ಆದರೂ ಹಳೆಯ ಓದು ಉಳಿಯಿತು. ಪಿತ್ತಕೋಶದ ಕಲ್ಲನ್ನು ವೈದ್ಯರು ಗುರುತಿಸುವುದು ಅದರ ಹೊಳಪಿನಿಂದ ಮಾತ್ರವಲ್ಲ, ಅದರ ಹಿಂದೆ ಬೀಳುವ ಕಪ್ಪು ನೆರಳಿನಿಂದ. ಸಿಸ್ಟನ್ನು ಗುರುತಿಸುವುದು ಅದರ ಹಿಂದೆ ಹೆಚ್ಚುವ ಬೆಳಕಿನಿಂದ. ಎರಡೂ ನಿಜಕ್ಕೆ ದೇಹದಲ್ಲಿಲ್ಲದವು, ಶಬ್ದದ ಆಟ. ಹಲವು ಕೋನಗಳಿಂದ ನೋಡಿ ಚಿತ್ರವನ್ನು ನಯಮಾಡುವ ಈಗಿನ ಯಂತ್ರಗಳು ಈ ನೆರಳನ್ನು ಮಸುಕಾಗಿಸುತ್ತವೆ. ಕಲ್ಲಿನ ಅನುಮಾನ ಬಂದಾಗ ಕೆಲವರು ಆ ನಯವನ್ನು ಆರಿಸಿ, ನೆರಳು ಬೀಳುತ್ತದೆಯೇ ಎಂದು ಮತ್ತೆ ನೋಡುತ್ತಾರೆ.