ಅಟ್ಟದ ಮಾತು, ಸುಲ್ತಾನನ ನಾಟಕ

ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟವೆಂದರೆ ಹೊಸ ಕನ್ನಡ ನಾಟಕದ ಚಾವಡಿ. ನಾಟಕಕಾರ ಜಿ.ಬಿ. ಜೋಶಿ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿ, ಎಳೆಯ ಗಿರೀಶ ಕಾರ್ನಾಡರ ಮಾತುಕತೆ ನಡೆಯುತ್ತಿದ್ದುದು ಅಲ್ಲಿ. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕವಿಲ್ಲವೆಂಬ ಕುರ್ತಕೋಟಿಯವರ ಮಾತು ಕಾರ್ನಾಡರನ್ನು ಕೆಣಕಿತು. 1964ರಲ್ಲಿ ‘ತುಘಲಕ್’ ಬಂತು.

ನಾವು ‘ತುಘಲಕ್ ದರ್ಬಾರು’ ಎಂದು ಗೇಲಿ ಮಾಡುವ ಆ ಅರಸ ಇಲ್ಲಿ ಬೇರೆಯೇ: ಪಂಡಿತ, ಕನಸುಗಾರ, ಕೊಲೆಗಾರ ಕೂಡ. ಅವನ ಕಾಲದ ಚರಿತ್ರೆ ಬರೆದ ಬರನಿಯೇ ಒಂದು ಪಾತ್ರ. ದೌಲತಾಬಾದಿಗೆ ರಾಜಧಾನಿ, ತಾಮ್ರದ ನಾಣ್ಯ ಎಲ್ಲವೂ ಉಂಟು. ಆದರೆ ಅಂದಿನ ಪ್ರೇಕ್ಷಕರು ಈ ಮುಸ್ಲಿಂ ದೊರೆಯಲ್ಲಿ ಕಂಡದ್ದು ನೆಹರೂ ಯುಗದ ಮುರಿದ ಕನಸನ್ನು, ಅಂದರೆ ತಮ್ಮನ್ನೇ. ಪಠ್ಯಪುಸ್ತಕ ಮಾಡದ ಕೆಲಸವಿದು.

ಕಟ್ಟಿದ ಬಗೆ ಮಾತ್ರ ಹಳೆಯದು. ಕಂಪನಿ ನಾಟಕದಲ್ಲಿ ಮುಂದಿನ ಪರದೆಯೆದುರು ಹಾಸ್ಯ, ಪರದೆ ಎದ್ದರೆ ದರ್ಬಾರು. ಕಾರ್ನಾಡರು ಅದನ್ನೇ ಹಿಡಿದರು. ಆದರೆ ಅವರ ಹಾಸ್ಯಪಾತ್ರ ಅಜೀಜ್ ಪರದೆ ದಾಟಿ ಸುಲ್ತಾನನೆದುರೇ ನಿಲ್ಲುತ್ತಾನೆ.

ನಾಟಕದಲ್ಲಿ, ನಮಾಜಿನ ಹೊತ್ತಿನಲ್ಲೇ ತನ್ನ ಕೊಲೆಗೆ ಸಂಚು ನಡೆದಾಗ ಸುಲ್ತಾನ ನಮಾಜನ್ನೇ ನಿಷೇಧಿಸುತ್ತಾನೆ. ಕೊನೆಯ ದೃಶ್ಯದಲ್ಲಿ ನಿದ್ದೆಗೆಟ್ಟು ಸಿಂಹಾಸನದಲ್ಲೇ ತೂಕಡಿಸುತ್ತಿದ್ದಾನೆ. ಆಗ ಅಜಾನ್ ಕೇಳಿಸುತ್ತದೆ.