ಗೋ-ಕಾರ್ಟಿನ ಹಿಂದಿನ ಅಚ್ಚು

1956ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ, ಪಂದ್ಯದ ಕಾರುಗಳ ನಿರ್ಮಾಣಕ್ಕೆ ಪ್ರಖ್ಯಾತವಾಗಿದ್ದ ಕರ್ಟಿಸ್-ಕ್ರಾಫ್ಟ್ ಕಾರ್ಖಾನೆಯ ಕುಶಲಕರ್ಮಿಯಾದ ಆರ್ಟ್ ಇಂಗಲ್ಸನು, ಮಿತ್ರನಾದ ಲೂ ಬೊರೆಲ್ಲಿಯ ನೆರವಿನಿಂದ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿ ವಿಕ್ರಯವಾಗದೆ ಉಳಿದಿದ್ದ ವೆಸ್ಟ್ ಬೆಂಡ್ ಎಂಜಿನೊಂದನ್ನು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಿಗಿದು, ನೆಲಕ್ಕೆ ಅಂಟಿದಂತೆ ಓಡುವ ಪುಟ್ಟ ವಾಹನವೊಂದನ್ನು ನಿರ್ಮಿಸಿದನು. ಪಸಡೀನದ ರೋಸ್ ಬೌಲ್ ಕ್ರೀಡಾಂಗಣದ ಹೊರಗೆ, ಕಾರುಗಳನ್ನು ನಿಲ್ಲಿಸುವ ವಿಶಾಲ ಬಯಲಿನಲ್ಲಿ ಅದು ಓಡಾಡಿದುದನ್ನು ಕಂಡವರು ತಮಗೂ ಒಂದು ಬೇಕೆಂದರು. ಸ್ವಲ್ಪ ಕಾಲದಲ್ಲೇ ಗೋ-ಕಾರ್ಟ್ ಎಂಬ ಹೆಸರೂ ಅದನ್ನು ಮಾರುವ ಕಂಪನಿಯೂ ಹುಟ್ಟಿದವು; 1959ರಲ್ಲಿ, ಮರ ಕೊಯ್ಯುವ ಗರಗಸಗಳಿಗೆ ಹೆಸರಾದ ಮೆಕಲಕ್ ಸಂಸ್ಥೆಯು ಕಾರ್ಟಿಗೆಂದೇ ಒಂದು ಎಂಜಿನನ್ನು ಹೊರತಂದಿತು. ಕಾರ್ಟಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎಂಜಿನಿನ ಶಬ್ದಕ್ಕೇ ಮರುಳಾಗುತ್ತಾರೆ. ನನ್ನ ಮಟ್ಟಿಗೆ ಅದರ ನಿಜವಾದ ಚರಿತ್ರೆಯಿರುವುದು ಹಿಂದಿನ ಅಚ್ಚಿನಲ್ಲಿ.

ಎತ್ತಿನ ಗಾಡಿಯ ಅಚ್ಚು ನಿಶ್ಚಲವಾಗಿದ್ದು ಚಕ್ರಗಳು ಅದರ ಸುತ್ತ ತಿರುಗುವಂತೆ, ಮೊದಲ ಕಾಲದ ಅನೇಕ ಕಾರ್ಟುಗಳಲ್ಲೂ ಅಚ್ಚು ಅಲುಗದೆ ಇರುತ್ತಿತ್ತು. ಚೈನು ಒಂದು ಚಕ್ರವನ್ನು ಮಾತ್ರ ಎಳೆಯುತ್ತಿತ್ತು, ಬ್ರೇಕು ಒಂದು ಪಕ್ಕವನ್ನೇ ಹಿಡಿದರೆ ಗಾಡಿ ಆ ಪಕ್ಕಕ್ಕೆ ವಾಲುತ್ತಿತ್ತು. ಎರಡು ಚಕ್ರಗಳನ್ನೂ ಅಚ್ಚಿಗೇ ಬಂಧಿಸಿ ಅಚ್ಚನ್ನೇ ತಿರುಗಿಸುವ ಪದ್ಧತಿ ಬಂದಮೇಲೆ ಒಂದೇ ಬ್ರೇಕು ಎರಡು ಚಕ್ರಗಳನ್ನೂ ಸಮನಾಗಿ ಹಿಡಿಯತೊಡಗಿತು. ಆದರೆ ಈ ಸೌಲಭ್ಯಕ್ಕೆ ಬೆಲೆಯುಂಟು. ಎರಡು ಚಕ್ರಗಳನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಗೊಡುವ ಡಿಫರೆನ್ಷಿಯಲ್ ಇಲ್ಲದುದರಿಂದ ತಿರುವಿನಲ್ಲಿ ಒಳಗಡೆಯ ಹಿಂಚಕ್ರವು ಕ್ಷಣಕಾಲ ನೆಲದ ಹಿಡಿತದಿಂದ ಬಿಡಿಸಿಕೊಳ್ಳಲೇಬೇಕು. ಅದನ್ನು ಎತ್ತುವುದು ಮುಂಚಕ್ರಗಳ ಓರೆ ಜೋಡಣೆ ಮತ್ತು ಚೌಕಟ್ಟಿನ ಬಳುಕು. ಸ್ಪ್ರಿಂಗುಗಳಿಲ್ಲದ ಈ ವಾಹನಕ್ಕೆ ಬಳುಕುವ ಚೌಕಟ್ಟೇ ಸ್ಪ್ರಿಂಗು.

ಹಳೆಯ ಕಾರ್ಟಿನ ಜೀರ್ಣೋದ್ಧಾರಕ್ಕೆ ಕೈಹಾಕಿದವರ ಸಾಮಾನ್ಯ ದೂರು, ಬ್ರೇಕು ಉಜ್ಜುತ್ತದೆ ಎಂಬುದು. ಒಡನೆ ಅವರು ಬ್ರೇಕಿನ ಡಿಸ್ಕನ್ನು ಹಿಡಿಯುವ ಕ್ಯಾಲಿಪರನ್ನು ಅತ್ತಿತ್ತ ಸರಿಸಲು ತೊಡಗುತ್ತಾರೆ. ದೋಷವು ಬಹುಪಾಲು ಅಲ್ಲಿರುವುದಿಲ್ಲ. ಬೇರಿಂಗಿನ ಕಾಲರು ಸಡಿಲವಾಗಿ ಅಚ್ಚು ಪಕ್ಕಕ್ಕೆ ಸರಿದಾಡಿದರೆ, ಅದರ ಮೇಲಿನ ಡಿಸ್ಕೂ ಸರಿಯುವುದು. ಕಲ್ಲಂಚಿಗೆ ಬಡಿದು ಅಚ್ಚು ಬಾಗಿದ್ದರೆ ಡಿಸ್ಕು ತೂಗಾಡುವುದು. ಆದುದರಿಂದ ಚೈನನ್ನು ಕಳಚಿ, ಬೇರಿಂಗುಗಳ ಬೋಲ್ಟುಗಳನ್ನು ಸಡಿಲಿಸಿ, ಅಚ್ಚು ಬೆರಳ ತುದಿಗೆ ಸುಗಮವಾಗಿ ತಿರುಗುವುದೇ ಎಂದು ಮೊದಲು ಪರೀಕ್ಷಿಸಬೇಕು. ಬೋಲ್ಟು ಬಿಗಿದಾಗ ಅಚ್ಚಿನ ತಿರುಗಾಟ ಬಿಗಿಯಾಗುವುದಾದರೆ ಬೇರಿಂಗುಗಳು ಒಂದೇ ರೇಖೆಯಲ್ಲಿಲ್ಲ. ಬಳಿಕ ಅಚ್ಚನ್ನು ಹೊರತೆಗೆದು, ವಿ-ಬ್ಲಾಕುಗಳ ಮೇಲೆ ಉರುಳಿಸಿ, ಡಯಲ್ ಗೇಜಿನಿಂದ ಅಳೆಯಬೇಕು. ಬಾಗಿದುದನ್ನು ಬಡಿದು ನೇರಮಾಡುವ ಮಿತವ್ಯಯ ನನಗೆ ಒಪ್ಪಿತವಲ್ಲ, ಏಕೆಂದರೆ ಎಂಜಿನಿನ ಎಳೆತವೂ ಬ್ರೇಕಿನ ಹಿಡಿತವೂ ಆ ಒಂದೇ ಉಕ್ಕಿನ ಮೇಲೆ ಬೀಳುತ್ತವೆ. ಅಚ್ಚು ನೆಲೆಗೊಂಡ ಮೇಲೆ ಸ್ಪ್ರಾಕೆಟ್ಟನ್ನು ಎಂಜಿನಿನ ಸ್ಪ್ರಾಕೆಟ್ಟಿಗೆ ನೇರವಾಗಿಸಿ, ಕಟ್ಟಕಡೆಗೆ ಕ್ಯಾಲಿಪರನ್ನು ಡಿಸ್ಕಿಗೆ ಹೊಂದಿಸುವುದು ಯುಕ್ತ. ಅದೂ ಆಸನದಲ್ಲಿ ಸವಾರನನ್ನು ಕೂರಿಸಿ, ಆತನ ಭಾರಕ್ಕೆ ಚೌಕಟ್ಟು ಬಳುಕಿದ ಸ್ಥಿತಿಯಲ್ಲಿ ಡಿಸ್ಕಿನ ಎರಡು ಪಕ್ಕದ ತೆರಪನ್ನೂ ಮತ್ತೊಮ್ಮೆ ನೋಡಿಕೊಂಡು.