ಇಸಾಂಪುರದ ಕಲ್ಲುಚಕ್ಕೆಗಳು

ಯಾದಗಿರಿ ಜಿಲ್ಲೆಯ ಹುಣಸಗಿಯ ಸಮೀಪದಲ್ಲಿರುವ ಇಸಾಂಪುರ ಎಂಬ ಪುಟ್ಟ ಊರಿನ ನೆಲದಡಿ ದೊರೆತ ಶಿಲಾಯುಗದ ಅವಶೇಷಗಳಲ್ಲಿ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದಾದ ಅಂದವಾದ ಆಯುಧಗಳಿಗಿಂತ, ಅವುಗಳನ್ನು ಮಾಡುವಾಗ ಸಿಡಿದುಬಿದ್ದ ಚಕ್ಕೆಚೂರುಗಳಿಗೇ ಹೆಚ್ಚಿನ ಬೆಲೆಯಿದೆ. ಆದಿಮಾನವನ ಬದುಕನ್ನು ಅರಿಯಲು ಅವನು ಮಾಡಿದ ವಸ್ತುವೊಂದೇ ಸಾಲದು, ಅದನ್ನು ಮಾಡಿದ ಜಾಗವೂ ಕದಡದೆ ಉಳಿದಿರಬೇಕು. ಭಾರತದಲ್ಲಿ ಹಾಗೆ ಉಳಿದಿರುವ ಕೆಲವೇ ಜಾಗಗಳ ಪೈಕಿ ಇಸಾಂಪುರ ಮೊದಲ ಸಾಲಿಗೆ ಸೇರುತ್ತದೆ.

ಭಾರತದ ಪ್ರಾಗಿತಿಹಾಸದ, ಅಂದರೆ ಬರವಣಿಗೆ ಹುಟ್ಟುವುದಕ್ಕೆ ಮುಂಚಿನ ಕಾಲದ ಅಧ್ಯಯನವು 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಕಲ್ಲಿನ ಆಯುಧವೊಂದನ್ನು ಗುರುತಿಸಿದಾಗ ಆರಂಭವಾಯಿತೆನ್ನುವುದು ವಾಡಿಕೆ. ಆ ನಂತರದ ನೂರು ವರ್ಷಗಳಲ್ಲಿ ದೇಶದ ಉದ್ದಗಲಕ್ಕೂ ಇಂತಹ ಆಯುಧಗಳು ಸಿಕ್ಕವಾದರೂ, ಅವುಗಳಲ್ಲಿ ಬಹುಪಾಲು ನದಿದಂಡೆಯ ಗರಸಿನ ಪದರಗಳಲ್ಲಿ, ಎಷ್ಟೋ ಪ್ರವಾಹಗಳಲ್ಲಿ ಉರುಳಿ, ಅಂಚು ಸವೆದು, ಮೂಲ ನೆಲೆಯಿಂದ ದೂರ ಸಾಗಿ ಬಂದು ನಿಂತಂಥವು. ಯಾವ ಪದರ ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಅವು ತೋರಿಸಬಲ್ಲವೇ ಹೊರತು, ಅವುಗಳನ್ನು ಬಳಸಿದವರು ಎಲ್ಲಿ ಕುಳಿತು ಏನು ಮಾಡುತ್ತಿದ್ದರು ಎಂಬುದನ್ನು ತಿಳಿಸಲಾರವು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್.ಡಿ. ಸಂಕಾಲಿಯಾ ಕಟ್ಟಿ ಬೆಳೆಸಿದ ಪುರಾತತ್ವ ಪರಂಪರೆಯಲ್ಲಿ ಪಳಗಿದ ಕೆ. ಪದ್ದಯ್ಯ ಅವರು 1960ರ ದಶಕದಿಂದ ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸುರಪುರ ಸೀಮೆಯಲ್ಲಿ ನಡೆಸಿದ ಶೋಧನೆ ಈ ಕೊರತೆಯನ್ನು ನೀಗಿಸುವ ದಾರಿ ತೋರಿತು. ದೊಡ್ಡ ನದಿಗಳ ದಂಡೆಯನ್ನು ಬಿಟ್ಟು, ಹುಣಸಗಿ ಮತ್ತು ಬೈಚಬಾಳದ ಕಣಿವೆಗಳ ಹೊಲ, ಹಳ್ಳ, ಗುಡ್ಡದ ಬುಡಗಳನ್ನು ಅವರು ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಜಾಲಾಡಿದ್ದರಿಂದ, ಅಶೂಲಿಯನ್ ಸಂಸ್ಕೃತಿಗೆ ಸೇರಿದ ನೂರಕ್ಕೂ ಹೆಚ್ಚು ನೆಲೆಗಳು ಬೆಳಕಿಗೆ ಬಂದವು. ಫ್ರಾನ್ಸಿನ ಸೇಂಟ್ ಅಶೂಲ್ ಎಂಬ ಸ್ಥಳದಿಂದ ಹೆಸರು ಪಡೆದ ಈ ಸಂಸ್ಕೃತಿಯ ಗುರುತೆಂದರೆ, ಎರಡೂ ಮುಖಗಳಲ್ಲಿ ಚಕ್ಕೆ ತೆಗೆದು ತುದಿ ಚೂಪಾಗಿಸಿದ ಕೈಗೊಡಲಿ ಮತ್ತು ಅಗಲವಾದ ನೇರ ಬಾಯಿಯುಳ್ಳ ಸೀಳುಗೊಡಲಿ. ಇವುಗಳಿಗೆ ಕಾವು ಇರುತ್ತಿರಲಿಲ್ಲ, ನೇರವಾಗಿ ಕೈಯಲ್ಲಿ ಹಿಡಿದೇ ಬಳಸುತ್ತಿದ್ದರು.

ಇಸಾಂಪುರದ ನೆಲೆ ಕಣ್ಣಿಗೆ ಬಿದ್ದದ್ದು 1983ರಲ್ಲಿ, ನೀರಾವರಿ ಕಾಲುವೆಯ ಕೆಲಸಕ್ಕೆಂದು ಮೇಲಿನ ಕಪ್ಪು ಮಣ್ಣನ್ನು ತೆಗೆದಾಗ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮೈಕಲ್ ಪೆಟ್ರಾಗ್ಲಿಯಾ ಮೊದಲಾದವರ ಸಹಯೋಗದೊಡನೆ ಅಲ್ಲಿ ನಡೆದ ಉತ್ಖನನದಲ್ಲಿ ಪೂರ್ವ ಶಿಲಾಯುಗದ ಕಲ್ಲುಗಣಿಯೊಂದು, ಕೆಲಸದ ಸಾಮಗ್ರಿಗಳೆಲ್ಲ ಬಿದ್ದಲ್ಲೇ ಬಿದ್ದಿರುವ ಸ್ಥಿತಿಯಲ್ಲಿ ತೆರೆದುಕೊಂಡಿತು. ಇಲ್ಲಿನ ಬಂಡೆ ಸುಣ್ಣಶಿಲೆ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸೇರಿರುವ ಭೀಮಾ ಶಿಲಾಸಮೂಹದ್ದೇ ಇದು. ಸಾಮಾನ್ಯ ಸುಣ್ಣಶಿಲೆ ಆಯುಧಕ್ಕೆ ಮೆದುವಾಗುತ್ತದೆ. ಇಸಾಂಪುರದ ಕಲ್ಲಿನಲ್ಲಿ ಸಿಲಿಕಾ ಸೇರಿಕೊಂಡು ಅದು ಗಟ್ಟಿಯಾಗಿರುವುದರಿಂದ ಹೊಡೆದರೆ ಹರಿತವಾದ ಅಂಚು ಬರುತ್ತದೆ. ಅಲ್ಲದೆ ಅದು ಪದರಪದರವಾಗಿ ಬಿರುಕು ಬಿಟ್ಟಿದ್ದು, ಚಪ್ಪಡಿಗಳನ್ನು ಮೀಟಿ ಎಬ್ಬಿಸುವುದು ಕಷ್ಟವಿರಲಿಲ್ಲ.

ಕೆಲಸ ನಡೆದ ಬಗೆಯನ್ನು ನೆಲವೇ ಹಂತಹಂತವಾಗಿ ತೋರಿಸುತ್ತದೆ. ದಪ್ಪ ಚಪ್ಪಡಿ ದೊರೆತರೆ ಅದರ ಅಂಚಿಗೆ ಬಲವಾಗಿ ಹೊಡೆದು ಅಂಗೈಗಿಂತ ದೊಡ್ಡ ಚಕ್ಕೆಯನ್ನು ಬಿಡಿಸಿ, ಅದರ ಸಹಜವಾದ ಹರಿತ ಅಂಚನ್ನೇ ಬಾಯಿಯಾಗಿ ಉಳಿಸಿಕೊಂಡು, ಪಕ್ಕಗಳನ್ನಷ್ಟೇ ಒಪ್ಪಮಾಡಿ ಸೀಳುಗೊಡಲಿಯಾಗಿಸುತ್ತಿದ್ದರು. ತೆಳುವಾದ ಚಪ್ಪಡಿಯಾದರೆ ದೊಡ್ಡ ಚಕ್ಕೆ ತೆಗೆಯುವ ಗೋಜಿಲ್ಲದೆ, ಸುತ್ತಲೂ ಎರಡೂ ಮುಖಕ್ಕೆ ಹೊಡೆಯುತ್ತ ಹೋಗಿ ನೇರವಾಗಿ ಕೈಗೊಡಲಿಯ ಆಕಾರಕ್ಕೆ ತರುತ್ತಿದ್ದರು. ಹೊಡೆಯಲು ಬಳಸಿದ ಸುತ್ತಿಗೆಗಲ್ಲುಗಳಲ್ಲಿ ಬಸಾಲ್ಟ್, ಕ್ವಾರ್ಟ್ಜೈಟ್‌ನಂತಹ ಬೇರೆ ಜಾತಿಯ ಗಟ್ಟಿ ಕಲ್ಲುಗಳೂ ಇವೆ. ಎಂತಹ ಚಪ್ಪಡಿಗೆ ಎಂತಹ ವಿಧಾನ ಎಂಬ ಈ ಆಯ್ಕೆಯಲ್ಲಿ, ಕಲ್ಲನ್ನು ನೋಡಿದೊಡನೆ ಅದರಿಂದ ಹೊರಬರಬೇಕಾದ ಆಯುಧವನ್ನು ಮನಸ್ಸಿನಲ್ಲಿ ಕಾಣುವ ಶಕ್ತಿ ಎದ್ದು ತೋರುತ್ತದೆ, ಮತ್ತು ಆ ಶಕ್ತಿಗೆ ಚಕ್ಕೆಗಳಿಗಿಂತ ಗಟ್ಟಿಯಾದ ಸಾಕ್ಷ್ಯ ಬೇರೊಂದಿರಲಾರದು. ಸಣ್ಣ ಚೂರುಗಳನ್ನೂ ಬಿಡದೆ ಜರಡಿ ಹಿಡಿದು ಆರಿಸುವುದಕ್ಕೆ ಇನ್ನೊಂದು ಕಾರಣವಿದೆ. ಹರಿಯುವ ನೀರು ಮೊದಲು ಹೊತ್ತೊಯ್ಯುವುದು ಹಗುರವಾದ ಚೂರುಗಳನ್ನೇ; ಅವು ದೊಡ್ಡ ಕಲ್ಲುಗಳ ಜೊತೆಯಲ್ಲೇ ಉಳಿದಿದ್ದರೆ ಆ ನೆಲ ಕದಡಿಲ್ಲವೆಂದು ನಂಬಬಹುದು.

ಇದೆಲ್ಲ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಉತ್ತರ ದೊರೆತ ಬಗೆ ಇನ್ನೂ ಸ್ವಾರಸ್ಯಕರ. ಹೆಚ್ಚೆಂದರೆ ಸುಮಾರು 50,000 ವರ್ಷಗಳವರೆಗೆ ಲೆಕ್ಕ ಹೇಳಬಲ್ಲ ಇಂಗಾಲ-14ರ ವಿಧಾನ ಇಲ್ಲಿ ನಿರುಪಯೋಗಿ. ಇದೇ ಕಣಿವೆಯ ಬೇರೆ ನೆಲೆಗಳಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಯುರೇನಿಯಂ-ಥೋರಿಯಂ ವಿಧಾನದಿಂದ ಪರೀಕ್ಷಿಸಿದಾಗ 3 ಲಕ್ಷ ವರ್ಷಗಳ ಆಸುಪಾಸಿನ ಕಾಲ ಹೊರಬಿದ್ದಿತಾದರೂ, ಆ ವಿಧಾನದ ಅಳತೆಯ ಮಿತಿಯೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಇಸಾಂಪುರದಲ್ಲಿ ದೊರೆತ ಕಾಡುದನದ ಹಲ್ಲುಗಳಿಗೆ ಅನ್ವಯಿಸಿದ್ದು ಇಲೆಕ್ಟ್ರಾನ್ ಸ್ಪಿನ್ ಅನುರಣನ ಎಂಬ ವಿಧಾನವನ್ನು. ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮೆಲ್, ಮಣ್ಣಿನಲ್ಲಿಯೂ ಹಲ್ಲಿನೊಳಗೂ ಇರುವ ಯುರೇನಿಯಂ ಮೊದಲಾದ ಧಾತುಗಳ ವಿಕಿರಣಕ್ಕೆ ಸದಾ ಒಡ್ಡಿಕೊಂಡಿದ್ದು, ಆ ವಿಕಿರಣದಿಂದ ಸ್ಥಾನ ತಪ್ಪಿದ ಇಲೆಕ್ಟ್ರಾನುಗಳು ಎನಾಮೆಲಿನ ಹರಳುಗಳ ಕೊರೆಗಳಲ್ಲಿ ಸಿಕ್ಕಿಬಿದ್ದು ಕಾಲ ಕಳೆದಂತೆ ಹೆಚ್ಚುತ್ತ ಹೋಗುತ್ತವೆ. ಅವುಗಳ ಪ್ರಮಾಣವನ್ನು ಕಾಂತಕ್ಷೇತ್ರದಲ್ಲಿ ಅಳೆದು, ಹಲ್ಲು ಉಂಡ ಒಟ್ಟು ವಿಕಿರಣವನ್ನು ಕಂಡುಕೊಂಡು, ವರ್ಷಕ್ಕೆ ತಗಲುವ ವಿಕಿರಣದಿಂದ ಅದನ್ನು ಭಾಗಿಸಿದರೆ ವಯಸ್ಸು ಸಿಗುತ್ತದೆ. ಹೀಗೆ ಬಂದ ಉತ್ತರ ಸುಮಾರು 12 ಲಕ್ಷ ವರ್ಷ. ಹಲ್ಲು ಯುರೇನಿಯಂ ಅನ್ನು ಯಾವಾಗ, ಎಷ್ಟು ವೇಗದಲ್ಲಿ ಹೀರಿಕೊಂಡಿತೆಂಬ ಊಹೆಯನ್ನು ಬದಲಿಸಿದರೆ ಈ ಸಂಖ್ಯೆಯೂ ಬದಲಾಗುವುದರಿಂದ ವಿದ್ವಾಂಸರು ಅದನ್ನು ಮೊದಲಿಗೆ ಎಚ್ಚರಿಕೆಯಿಂದಲೇ ಸ್ವೀಕರಿಸಿದರು. 2011ರಲ್ಲಿ ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಗೆ ಶಾಂತಿ ಪಪ್ಪು ಮತ್ತು ಸಂಗಡಿಗರು ಬೇರೆಯದೇ ವಿಧಾನಗಳಿಂದ ಸುಮಾರು 15 ಲಕ್ಷ ವರ್ಷಗಳ ಕಾಲವನ್ನು ನಿರ್ಧರಿಸಿದ ಮೇಲೆ ಇಸಾಂಪುರದ ಪ್ರಾಚೀನತೆ ಒಂಟಿಯಾಗಿ ಉಳಿಯಲಿಲ್ಲ.

ಈ ಕೆಲಸಗಾರರ ಒಂದು ಮೂಳೆಯೂ ಇಸಾಂಪುರದಲ್ಲಿ ಸಿಕ್ಕಿಲ್ಲ. ಕಾಲವನ್ನು ನೋಡಿ ಅವರು ಹೋಮೋ ಇರೆಕ್ಟಸ್ ಜಾತಿಯವರಿರಬೇಕೆಂದು ಊಹಿಸಲಾಗಿದೆ. ಆದರೂ ಅವರ ವರ್ಷದ ನಡೆಯನ್ನು ಪದ್ದಯ್ಯ ಊಹಿಸಲು ಯತ್ನಿಸಿದ್ದಾರೆ. ಬೇಸಿಗೆಯಲ್ಲಿಯೂ ಬತ್ತದ ಊಟೆಗಳು ಎಲ್ಲಿವೆ, ಯಾವ ಋತುವಿನಲ್ಲಿ ಯಾವ ಕಾಡುಹಣ್ಣು, ಗೆಡ್ಡೆಗೆಣಸು, ಬೇಟೆ ದೊರೆಯುತ್ತವೆ ಎಂಬುದನ್ನು ಇಂದಿನ ಕಣಿವೆಯಲ್ಲಿಯೇ ದಾಖಲಿಸಿ, ಅದನ್ನು ಹಳೆಯ ನೆಲೆಗಳ ಹರವಿನೊಡನೆ ಹೋಲಿಸಿದ ಅವರು, ಮಳೆಗಾಲದಲ್ಲಿ ಸಣ್ಣ ಗುಂಪುಗಳಾಗಿ ಕಣಿವೆಯ ತುಂಬ ಚದುರುತ್ತಿದ್ದ ಈ ಜನ ಬೇಸಿಗೆಯಲ್ಲಿ ನೀರಿರುವ ಹಳ್ಳಗಳ ಬಳಿ ಒಟ್ಟುಗೂಡುತ್ತಿದ್ದರೆಂಬ ನಿರ್ಣಯಕ್ಕೆ ಬಂದರು. ಇದು ಊಹೆಯೇ ಆದರೂ, ನೆಲದ ಪರಿಚಯದಿಂದ ಹುಟ್ಟಿದ ಊಹೆಯಾದ್ದರಿಂದ ಅದಕ್ಕೆ ತೂಕವಿದೆ.

ನಾರಾಯಣಪುರದ ಎಡದಂಡೆ ಕಾಲುವೆಯಿಂದ ಈ ಭಾಗಕ್ಕೆ ನೀರು ಬಂದ ಮೇಲೆ ಒಣಬೇಸಾಯದ ಹೊಲಗಳು ಗದ್ದೆಗಳಾಗಿ ಸಮತಟ್ಟಾಗುತ್ತ ಬಂದವು. ರೈತರ ಪಾಲಿಗೆ ಅದು ಬಹುಕಾಲದ ಬಯಕೆ ಕೈಗೂಡಿದಂತೆ, ಆದರೆ ಮೇಲ್ಪದರದಲ್ಲಿದ್ದ ಹಲವು ನೆಲೆಗಳು ಅದರಡಿಯಲ್ಲಿ ಅಳಿದುಹೋದವು. ಇಸಾಂಪುರದಲ್ಲಿಯೂ ಅಗೆದಿರುವುದು ನೆಲೆಯ ಒಂದು ಭಾಗವನ್ನಷ್ಟೇ. ಯುರೇನಿಯಂ-ಥೋರಿಯಂ ವಿಧಾನ ನಿಂತಲ್ಲಿಂದ ಮುಂದಕ್ಕೆ ಇನ್ನೊಂದು ವಿಧಾನ ಸಾಗಿದಂತೆ, ಇಂದಿನ ಅಳತೆಗಳನ್ನು ಮೀರಿದ ಅಳತೆಗಳು ಮುಂದೆ ಬಂದಾಗ ಅವುಗಳ ಪರೀಕ್ಷೆಗೆ ಬೇಕಾಗುವುದು ಕೋಣೆಯಲ್ಲಿ ಪೇರಿಸಿಟ್ಟ ಆಯುಧಗಳಲ್ಲ, ಕಪ್ಪು ಮಣ್ಣಿನಡಿ ಇನ್ನೂ ಮುಟ್ಟದೆ ಬಿಟ್ಟಿರುವ ಆ ಉಳಿದ ನೆಲ.